ಬಾಯಲ್ಲೇ ತೆಗೆಯುವ ಬಾಗಿಲು

ನಮ್ಮ ಊರಿನಲ್ಲಿ ಬಿದ್ದ ಗೋಡೆಯನ್ನು ದಾಟುವಂತಿಲ್ಲ. ನಿಂತ ಗೋಡೆಯನ್ನು ಹೇಗೂ ಯಾರೂ ದಾಟುವುದಿಲ್ಲ, ಅದರ ಮಾತು ಬಿಡಿ.

ಊರಿನ ತಲೆಯ ಮೇಲೆ ಒಂದು ಗುಡ್ಡ. ಗುಡ್ಡದ ಮೇಲೆ ಒಂದು ಕೋಟೆ. ಕೋಟೆ ಎಂದರೆ ಈಗ ಬರೀ ಹುಲ್ಲು. ಹುಲ್ಲಿನ ನಡುವೆ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲು, ಅರ್ಧ ಬುರುಜು, ನೀರಿಲ್ಲದ ಕಂದಕ, ಆ ಕಂದಕದಲ್ಲಿ ಮೇಯುವ ಕುರಿಗಳು. ಯಾವ ರಾಜ ಕಟ್ಟಿಸಿದ, ಯಾವ ರಾಜ ಕೆಡವಿಸಿದ, ಯಾರಿಗೂ ಗೊತ್ತಿಲ್ಲ. ಆದರೆ ಎಲ್ಲಿ ಯಾವ ಗೋಡೆ ಇತ್ತು ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ನಡೆಯಲು ಕಲಿಯುವಾಗಲೇ ಕಲಿಸಿಬಿಡುತ್ತಾರೆ. ಇಲ್ಲಿ ತಿರುಗು ಕಂದಾ, ಗೋಡೆ ಇದೆ. ಇಲ್ಲಿ ಕಾಲೆತ್ತು ಕಂದಾ, ಹೊಸ್ತಿಲು ಇದೆ. ಹತ್ತು ಹೆಜ್ಜೆಯ ಬಯಲು ದಾಟಲು ನಾವು ನೂರು ಹೆಜ್ಜೆ ಸುತ್ತುತ್ತೇವೆ. ಕುರಿಗಳು ಮಾತ್ರ ನೆಟ್ಟಗೆ ಹೋಗುತ್ತವೆ. ಅದಕ್ಕೇ ಅವುಗಳನ್ನು ಕುರಿ ಅನ್ನುವುದು.

ಊರಿನ ಒಂದೊಂದು ಮನೆಗೂ ಕೋಟೆಯ ಒಂದೊಂದು ಕೋಣೆ. ಬೆಳಿಗ್ಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ, ತಮ್ಮ ತಮ್ಮ ಕೋಣೆಯ ಜಾಗದಲ್ಲಿ ನಿಂತು ಆ ಕೋಣೆಯ ಕೆಲಸ ಮಾಡುತ್ತಾರೆ, ಸಂಜೆ ಇಳಿಯುತ್ತಾರೆ. ಅಡುಗೆಮನೆಯಾಕೆ ಗಾಳಿಯನ್ನು ಸೌಟಿನಲ್ಲಿ ತಿರುವುತ್ತಾಳೆ, ನಡುನಡುವೆ ನೆಕ್ಕಿ ನೋಡಿ ಉಪ್ಪು ಸಾಲದು ಅನ್ನುತ್ತಾಳೆ. ಮೆಟ್ಟಿಲಿನ ಮಾವ ನಿಂತಲ್ಲೇ ಕಾಲೆತ್ತಿ ಕಾಲಿಟ್ಟು ಸಂಜೆಯೊಳಗೆ ಮೂರನೇ ಅಂತಸ್ತು ತಲುಪಿ ಏದುಸಿರು ಬಿಡುತ್ತಾನೆ.

ಯಾರ ಕೋಣೆಯಲ್ಲಿ ಏನೂ ಉಳಿದಿಲ್ಲವೋ ಅವರೇ ದೊಡ್ಡವರು. ಇಲ್ಲದ್ದನ್ನು ಕಾಯುವುದು ಕಷ್ಟವಂತೆ, ಇದ್ದದ್ದನ್ನು ಯಾರು ಬೇಕಾದರೂ ಕಾಯಬಹುದಂತೆ. ಹಾಗಾಗಿ ದರ್ಬಾರಿನ ಮನೆಯವರು ಎಲ್ಲರಿಗಿಂತ ಮೇಲೆ. ರಾಜ ಕೂರುತ್ತಿದ್ದ ಆ ದರ್ಬಾರಿನಲ್ಲಿ ಒಂದು ಕಲ್ಲಿನ ಚೂರೂ ಇಲ್ಲ, ಕೈಯಲ್ಲಿ ಸವರಿದಂತೆ ಹುಲ್ಲು.

ನಮ್ಮ ಮನೆಗೆ ಬಂದದ್ದು ಕಕ್ಕಸು.

ಇಡೀ ಕೋಟೆಯಲ್ಲಿ ಪೂರ್ತಿ ಉಳಿದಿರುವುದು ಅದೊಂದೇ. ನಾಲ್ಕು ಗೋಡೆ, ಮೇಲೆ ಸೂರು, ನಡುವೆ ತೂತು ಕೊರೆದ ಕಲ್ಲಿನ ಹಾಸು. ತೂತಿನಲ್ಲಿ ಕಣ್ಣಿಟ್ಟರೆ ಕೆಳಗೆ ಕಂದಕದ ಕುರಿ ಕಾಣುತ್ತದೆ. ಅಲ್ಲಿ ಕಡೆಯ ಸಲ ಕೂತವನ ಮೂಳೆಯೂ ಈಗ ಮಣ್ಣಾಗಿದೆ. ಅವ್ವ ದಿನಾ ಗುಡಿಸುತ್ತಾಳೆ, ನೆಲದ ಮೇಲೇ ಅನ್ನ ಹಾಕಿಕೊಂಡು ಉಣ್ಣಬಹುದು. ಆದರೂ ನಮ್ಮನ್ನು ಕಂಡರೆ ಜನ ಮೂಗು ಮುಚ್ಚುತ್ತಾರೆ. ಅಡುಗೆಮನೆಯಾಕೆಯ ಇಲ್ಲದ ಸಾರಿನ ವಾಸನೆಗೆ ಆಹಾ ಅನ್ನುತ್ತಾರೆ, ನಮ್ಮ ಇಲ್ಲದ ವಾಸನೆಗೆ ಥೂ ಅನ್ನುತ್ತಾರೆ. ಮೂಗು ಅದೇ.

ಅದಕ್ಕೆ ನಾನೂ ಸುಮ್ಮನಿರುತ್ತಿರಲಿಲ್ಲ. ಮೆಟ್ಟಿಲಿನ ಮಾವ ಸಂಜೆ ಹೊತ್ತಿಗೆ ಬೆವರು ಸುರಿಸಿಕೊಂಡು ಇನ್ನೇನು ಮೂರನೇ ಅಂತಸ್ತು ಮುಟ್ಟಬೇಕು, ಆಗ ನಾನು ಕೂಗುತ್ತಿದ್ದೆ, "ಮಾವಾ, ನಡುವೆ ಒಂದು ಮೆಟ್ಟಿಲು ಬಿಟ್ಬಿಟ್ಟೆ!" ಪಾಪ, ಅವನು ಕೆಳಗಿಳಿದು ಮೊದಲಿಂದ ಹತ್ತುತ್ತಿದ್ದ. ಅಡುಗೆಮನೆಯಾಕೆ ಕೂತು ತೂಕಡಿಸುತ್ತಿದ್ದರೆ ಬಾಯಲ್ಲಿ ಹಾಲುಕ್ಕುವ ಸದ್ದು ಮಾಡುತ್ತಿದ್ದೆ. ಅವಳು ಸೆರಗಿನಲ್ಲಿ ಇಲ್ಲದ ಪಾತ್ರೆ ಹಿಡಿದು ಇಳಿಸಲು ಓಡುತ್ತಿದ್ದಳು. "ನಿನ್ನ ಬಾಯಿಗೆ ಮಣ್ಣು ಹಾಕ!" ಅಂತ ಬೈಯುತ್ತಿದ್ದಳು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ. ನನ್ನ ಬಾಯಿಗೆ ಬಾರದ ಸದ್ದೇ ಇರಲಿಲ್ಲ.

ಹೆಬ್ಬಾಗಿಲು ಇದ್ದದ್ದು ಬಾಗಿಲಜ್ಜಿಯ ಕೈಯಲ್ಲಿ. ಅಂದರೆ ಬಾಯಲ್ಲಿ. ಬೆಳಿಗ್ಗೆ ಊರೆಲ್ಲ ಗುಡ್ಡ ಹತ್ತಿ ಬಂದು ಎರಡು ಕಲ್ಲುಗಳ ಮುಂದೆ ನಿಲ್ಲುತ್ತದೆ. ಅಜ್ಜಿ ಎರಡೂ ಅಂಗೈ ಮುಂದೆ ಚಾಚುತ್ತಾಳೆ. ಗಾಳಿಯನ್ನು ತಳ್ಳುತ್ತಾಳೆ. ಗಂಟಲಿನ ತಳದಿಂದ ಕಿರ್ರ್ರ್ರ್ ಅನ್ನುತ್ತಾಳೆ. ಬಾಗಿಲು ತೆರೆಯುತ್ತದೆ, ಊರು ಒಳಗೆ ಬರುತ್ತದೆ. ಸಂಜೆ ಎಳೆಯುತ್ತಾಳೆ. ಕಿರ್ರ್ರ್ರ್. ಬಾಗಿಲು ಮುಚ್ಚುತ್ತದೆ, ಊರು ಕೆಳಗಿಳಿಯುತ್ತದೆ. ಹಾಗೆ ಹಾಯುವ ಪ್ರತಿಯೊಬ್ಬರೂ ಬಾಗಿಲು ತೆಗೆದವರಿಗೆ ಎರಡೂ ಕೈ ಜೋಡಿಸಿ ಮುಗಿಯಬೇಕು. ಅದು ಕಟ್ಟಳೆ.

ಎರಡೂ ಕೈ ಮುಗಿದವನು ಮೂಗು ಹೇಗೆ ಮುಚ್ಚುತ್ತಾನೆ? ಚಿಕ್ಕವನಿದ್ದಾಗಿನಿಂದ ನನ್ನ ಕಣ್ಣು ಆ ಬಾಗಿಲ ಮೇಲೆ ಇದ್ದದ್ದು ಇದೊಂದೇ ಕಾರಣಕ್ಕೆ.

ಈ ವರ್ಷ ಅಜ್ಜಿಯ ಕಡೆಯ ಹಲ್ಲೂ ಬಿತ್ತು. ಕಿರ್ರ್ ಅನ್ನುವುದು ಹೋಗಿ ಫುಸ್ಸ್ ಅನ್ನಲು ಶುರುವಾಯಿತು. ಜನ ಮುಖ ಮುಖ ನೋಡಿಕೊಂಡು, ಬಾಗಿಲು ಪೂರ್ತಿ ತೆರೆದಿದೆಯೋ ಅರ್ಧವೋ ತಿಳಿಯದೆ, ಮೈ ಓರೆ ಮಾಡಿ ನುಸುಳತೊಡಗಿದರು. ಒಂದು ಸಂಜೆ ಅಜ್ಜಿ ಎಲ್ಲರನ್ನೂ ನಿಲ್ಲಿಸಿ ಹೇಳಿದಳು.

"ನನಗೆ ಮಕ್ಕಳಿಲ್ಲ. ಇನ್ನೆಂಟು ದಿನ ತೆಗೀತೀನಿ. ಒಂಬತ್ತನೇ ಬೆಳಿಗ್ಗೆ ಬಾಗಿಲನ್ನ ಯಾರಿಗಾದ್ರೂ ಕೊಟ್ಟು ಕೂತ್ಕೋತೀನಿ."

ಆವತ್ತಿನಿಂದ ನಾನು ಕಕ್ಕಸಿನೊಳಗೆ ಕೂತು ಅಭ್ಯಾಸ ಶುರು ಮಾಡಿದೆ. ನಾಲ್ಕು ಗೋಡೆ ಇರುವುದರಿಂದ ಅಲ್ಲಿ ಸದ್ದು ಚೆನ್ನಾಗಿ ಮೊಳಗುತ್ತದೆ. ಬಿಸಿಲಿನಲ್ಲಿ ಒಣಗಿದ ಬಾಗಿಲಿನ ಕಿರ್ರ್ ಬೇರೆ, ಮಳೆಗೆ ಉಬ್ಬಿದ ಬಾಗಿಲಿನ ಕಿರ್ರ್ ಬೇರೆ, ಗಾಳಿ ನೂಕಿದ್ದು ಬೇರೆ, ಕಳ್ಳ ನೂಕಿದ್ದು ಬೇರೆ. ಎಲ್ಲ ಕಲಿತೆ. ಅವ್ವ ಪೊರಕೆ ಹಿಡಿದು ನಿಂತು ಕೇಳುತ್ತಿದ್ದಳು. "ಥೇಟ್ ಬಾಗಿಲೇ ಕಣೋ," ಅಂದಳು. "ನಾನು ಹಾಯುವಾಗ ನಿಂಗೆ ಕೈ ಮುಗೀಬೇಕಾ?" "ಮುಗಿಯಬೇಕು ಅವ್ವ, ಕಟ್ಟಳೆ," ಅಂದೆ. ಅವಳು ನಕ್ಕಳು. ಎಷ್ಟು ದಿನದ ಮೇಲೆ ನಕ್ಕಿದ್ದಳೋ.

ಐದನೇ ದಿನ ಅಜ್ಜಿ ಅಡುಗೆಮನೆಯಾಕೆಯ ಹತ್ತಿರ ಕೂತು ಮಾತಾಡುವುದು ಕಿವಿಗೆ ಬಿತ್ತು. ನಮ್ಮ ಕೋಟೆಯಲ್ಲಿ ಗೋಡೆ ಇವೆ, ಮಾತು ಮಾತ್ರ ನಿಲ್ಲುವುದಿಲ್ಲ.

"ಕಕ್ಕಸಿನವನ ಗಂಟಲು ಚೆನ್ನಾಗಿದೆ," ಅಂದಳು ಅಜ್ಜಿ. "ಆದ್ರೆ ದರ್ಬಾರಿನ ಹುಡುಗನಿಗೆ ಕೊಟ್ರೆ ಹೇಗೆ ಅಂತ."

"ಅಯ್ಯೋ, ಅವನಿಗೆ ಶಿಳ್ಳೆ ಹೊಡೆಯೋಕೂ ಬರಲ್ವಲ್ಲಜ್ಜಿ!"

"ಬರದಿದ್ರೂ ಜನ ನಂಬ್ತಾರೆ ಕಣೇ. ಅವನು ಕೈ ಚಾಚಿದ್ರೆ ಗಾಳಿನೂ ಗಟ್ಟಿಯಾಗುತ್ತೆ. ಆ ಕೋತಿ ತೆಗೆದ ಬಾಗಿಲನ್ನ ಯಾರು ನಂಬ್ತಾರೆ?"

ಹೊಟ್ಟೆಕಿಚ್ಚು ಅಂತ ಸುಮ್ಮನೆ ಹೆಸರಿಟ್ಟಿಲ್ಲ. ಹೊಕ್ಕುಳಿನ ಹಿಂದೆ ಯಾರೋ ಊದುಕೊಳವೆ ಹಿಡಿದು ಊದಿದ ಹಾಗಾಯಿತು.

ದರ್ಬಾರಿನವನು ನನ್ನ ವಾರಿಗೆಯವನೇ. ಹುಲ್ಲಿನ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾನೆ. ಜನ ಜಗಳ ಹೊತ್ತು ಅವನ ಬಳಿ ಹೋಗುತ್ತಾರೆ, ಅವನು ಎರಡು ಮಾತು ಆಡುತ್ತಾನೆ, ಜನ ಸಮಾಧಾನವಾಗಿ ವಾಪಸ್ ಬರುತ್ತಾರೆ. ಅದೇ ಎರಡು ಮಾತು ನಾನು ಆಡಿದರೆ ನಗುತ್ತಾರೆ, ಆಡಿ ನೋಡಿದ್ದೇನೆ. ಅವನ ಅಂಗಿ ಕೊಳೆಯಾಗುವುದಿಲ್ಲ. ಅವನು ನೋಡಿದರೆ ಕುರಿಯೂ ಮೇಯುವುದು ನಿಲ್ಲಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ, ಊರಿನಲ್ಲಿ ನನ್ನನ್ನು ಕಂಡು ಮೂಗು ಮುಚ್ಚದವನು ಅವನೊಬ್ಬನೇ. ಮುಚ್ಚಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಆರನೇ ದಿನ ಮಧ್ಯಾಹ್ನ ನಾನು ಕಕ್ಕಸಿನ ಗೋಡೆಗೆ ಹಣೆ ಚಚ್ಚಿಕೊಂಡೆ.

"ಅದೇನೋ ಸದ್ದು?" ಅಂತ ಹೊರಗಿಂದ ಅವ್ವ ಕೇಳಿದಳು.

"ಬಾಗಿಲು ಅಭ್ಯಾಸ ಅವ್ವ."

ಹಣೆ ನೆಲ್ಲಿಕಾಯಿಯಷ್ಟು ಊದಿತು. ಕೂದಲು ಇಳಿಬಿಟ್ಟು ಮುಚ್ಚಿಕೊಂಡೆ. ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ಸರಿಯಾಗಿ ದರ್ಬಾರಿನ ಕಡೆ ಓಡಿದೆ. ದರ್ಬಾರಿಗೆ ಇರುವುದು ಒಂದೇ ಬಾಗಿಲು, ಮೂಡಣ ದಿಕ್ಕಿಗೆ. ಆ ಬಾಗಿಲ ಜಾಗದಲ್ಲಿ, ಎಲ್ಲರ ಕಣ್ಣೆದುರು, ಬಾಯಲ್ಲಿ ಠಪ್ ಅಂತ ಸದ್ದು ಮಾಡಿ ಅಂಗಾತ ಬಿದ್ದೆ.

"ಅಯ್ಯಯ್ಯೋ! ಸತ್ತೆ! ಗೋಡೆ!"

"ಎಲ್ಲಿ ಗೋಡೆ? ಅದು ಬಾಗಿಲು ಕಣೋ ಮಂಗ," ಅಂದ ಮೆಟ್ಟಿಲಿನ ಮಾವ.

ಕೂದಲು ಸರಿಸಿ ಹಣೆ ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು. ನಮ್ಮ ಊರಿನಲ್ಲಿ ಬಿದ್ದ ಗೋಡೆಗೆ ತಲೆ ಬಡಿದು ಊದಿಸಿಕೊಂಡವರು ಹಿಂದೆ ಯಾರೂ ಇರಲಿಲ್ಲ. ನನ್ನ ಮಾತನ್ನು ನಂಬದಿದ್ದರೂ ನೆಲ್ಲಿಕಾಯಿಯನ್ನು ನಂಬಲೇಬೇಕಾಯಿತು.

ಮೆಟ್ಟಿಲಿನ ಮಾವ ಹೆದರುತ್ತಾ ಅಂಗೈ ಚಾಚಿದ. ಗಾಳಿಯಲ್ಲಿ ಒಂದು ಕಡೆ ಕೈ ನಿಲ್ಲಿಸಿದ. "ಹೌದಲ್ರೋ," ಅಂದ, "ತಣ್ಣಗಿದೆ." ಅಡುಗೆಮನೆಯಾಕೆ ಮುಟ್ಟಿದಳು. "ಇನ್ನೂ ಹಸಿ ಇದೆ ಗಾರೆ," ಅಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಇಷ್ಟು ಕಾಲ ಬಿದ್ದ ಗೋಡೆ ಒಂದು ದಿನ ಏಳಬಾರದು ಅಂತ ಏನಿದೆ ಅಂದರು. ದರ್ಬಾರು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿದೆ ಅಂದರು. ಆಮೇಲೆ ಎಲ್ಲರೂ ಒಳಗಿದ್ದವನ ಕಡೆ ನೋಡಿದರು.

ಅವನು ಎದ್ದು ಬಂದ. ಮೂರು ಮೊಳ ದೂರದಲ್ಲಿ ನನ್ನೆದುರು ನಿಂತ. ಅಂಗೈ ಎತ್ತಿ ಗಾಳಿಯಲ್ಲಿಟ್ಟ. ನನ್ನ ಮುಖ ನೋಡಿದ, ಹಣೆ ನೋಡಿದ.

"ಹೌದು," ಅಂದ. "ಗೋಡೆ ಇದೆ."

ಹಾಗೆ ದರ್ಬಾರಿನವನು ಒಳಗೇ ಉಳಿದ. ಊರು ಕೆಳಗಿಳಿಯಿತು.

ಒಂದೆರಡು ದಿನ ಅಳುತ್ತಾನೆ, ಕೂಗುತ್ತಾನೆ, ಅಷ್ಟರಲ್ಲಿ ಬಾಗಿಲು ನನ್ನದಾಗುತ್ತದೆ, ಆಮೇಲೆ ಗೋಡೆ ಮಾಯವಾಯಿತು ಅಂತ ಇನ್ನೊಂದು ನಾಟಕ ಆಡಿದರಾಯಿತು ಅಂತ ನನ್ನ ಲೆಕ್ಕ. ಅವನು ಅಳಲಿಲ್ಲ. ಏಳನೇ ದಿನ ಬಂದು ನೋಡಿದರೆ ಅದೇ ನೆಟ್ಟಗಿನ ಬೆನ್ನು. ಅವನ ತಾಯಿ ರೊಟ್ಟಿ ತಂದಿದ್ದಳು. ಗೋಡೆಯ ಮೇಲಿಂದ ಎಸೆಯೋಣ ಅಂದಳು. "ದರ್ಬಾರಿಗೆ ಸೂರು ಇತ್ತಲ್ಲಮ್ಮ," ಅಂದರು ಊರವರು. ರೊಟ್ಟಿ ಅವಳ ಕೈಯಲ್ಲೇ ಒಣಗಿತು. ಒಂದು ಕುರಿ ನೆಟ್ಟಗೆ ಒಳಗೆ ಹೋಗಿ, ಅವನ ಮೊಣಕಾಲು ಮೂಸಿ, ನೆಟ್ಟಗೆ ಹೊರಗೆ ಬಂತು. ಕುರಿ ತಾನೇ ಅಂದರು.

ಮಧ್ಯಾಹ್ನದ ಹೊತ್ತಿಗೆ ಜನ ಸಾಲುಗಟ್ಟಿದರು. ಕೆಲಸ ಬಿಟ್ಟು ಬಂದು ಗೋಡೆಯ ಈಚೆ ನಿಂತು ಅವನನ್ನು ನೋಡತೊಡಗಿದರು. "ಎಂಥಾ ವಾರಸುದಾರ! ದರ್ಬಾರೇ ಇವನನ್ನ ಅಪ್ಪಿಕೊಂಡುಬಿಡ್ತು!" ಅಂದರು. "ನನ್ನ ಮೆಟ್ಟಿಲು ನನ್ನನ್ನ ಹೀಗೆ ಒಂದು ದಿನವೂ ಹಿಡಕೊಳ್ಳಲಿಲ್ಲ," ಅಂತ ಮೆಟ್ಟಿಲಿನ ಮಾವ ಕಣ್ಣು ಒರೆಸಿಕೊಂಡ.

ನೋಡಿ ಅನ್ಯಾಯವನ್ನ. ಗೋಡೆ ನನ್ನದು. ಹಣೆ ನನ್ನದು. ಠಪ್ ನನ್ನದು. ಕೀರ್ತಿ ಅವನದು.

ಜನ ಚದುರಿದ ಮೇಲೆ ನಾನು ಹತ್ತಿರ ಹೋದೆ.

"ಲೋ, ಹೊರಗೆ ಬಾರೋ ಸುಮ್ನೆ."

"ಗೋಡೆ ಇದೆಯಲ್ಲ."

"ಇಲ್ಲ ಕಣೋ! ಈ ಹಣೆ ಇದೆಯಲ್ಲ, ಇದು ಕಕ್ಕಸಿನ ಗೋಡೆಗೆ ಚಚ್ಚಿಕೊಂಡಿದ್ದು."

"ಗೊತ್ತು," ಅಂದ. "ಇಲ್ಲಿಗೇ ಕೇಳಿಸ್ತು."

"ಗೊತ್ತಿದ್ದೂ ಯಾಕೋ ಇದೆ ಅಂದೆ?"

ಅವನು ಸುತ್ತಲಿನ ಹುಲ್ಲನ್ನು ಅಂಗೈಯಲ್ಲಿ ಸವರಿದ. ತುಟಿ ಒಣಗಿ ಬಿಳಿಚಿಕೊಂಡಿತ್ತು. "ನಿನ್ನ ಗೋಡೆ ಸುಳ್ಳು ಅಂದ್ರೆ ಉಳಿದ ಮೂರು ಗೋಡೆನೂ ಸುಳ್ಳಾಗುತ್ತವೆ. ಆಮೇಲೆ ನನ್ನ ಹತ್ರ ಏನಿದೆ? ಬರೀ ಹುಲ್ಲು. ನಿಂಗೇನಪ್ಪ, ನಿಂದು ಇದೆ. ಮುಟ್ಟಿದ್ರೆ ಕೈಗೆ ಸಿಗುತ್ತೆ."

ಕಕ್ಕಸನ್ನು ಕಂಡು ಒಬ್ಬ ಕರುಬಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅದೂ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಎಂಟನೇ ದಿನ ಮಳೆ ಬಂತು. ಊರೆಲ್ಲ ತಲೆಗೆ ಗೋಣಿ ಹಾಕಿಕೊಂಡು ನೋಡುತ್ತಾ ನಿಂತಿತು. ಅವನು ಮಳೆಯಲ್ಲಿ ಕೂತಿದ್ದ. ನೀರು ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯುತ್ತಿತ್ತು. ಎರಡು ದಿನ ಹನಿ ನೀರಿಲ್ಲದವನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಸೂರಿನ ಕೆಳಗೆ ಮಳೆ ಎಲ್ಲಿಂದ ಬರುತ್ತದೆ? ಹಲ್ಲು ಕಚ್ಚಿ, ತುಟಿ ಬಿಗಿಹಿಡಿದು, ಒಣಗಿದವನ ಹಾಗೆ ಕೂತಿದ್ದ.

"ಪುಣ್ಯಕ್ಕೆ ಅವನೊಬ್ಬ ನೆನೀತಿಲ್ಲ," ಅಂದಳು ಅಡುಗೆಮನೆಯಾಕೆ.

ನನಗೆ ತಡೆಯಲಾಗಲಿಲ್ಲ. ಬಾಗಿಲಜ್ಜಿಯ ಹತ್ತಿರ ಓಡಿದೆ.

"ಅಜ್ಜೀ, ಆ ಗೋಡೆ ಇಲ್ಲ. ನಾನೇ ಹಾಕಿದ್ದು."

ಅಜ್ಜಿ ನಗಲೂ ಇಲ್ಲ, ಬೈಯಲೂ ಇಲ್ಲ. "ಹಾಕಿದ ಮೇಲೆ ಇದೆ ತಾನೇ? ಇಲ್ಲಿರೋ ಗೋಡೆಗಳನ್ನೆಲ್ಲ ಯಾರೋ ಒಬ್ಬ ಹಾಕಿದ್ದೇ."

"ತೆಗೆಸಜ್ಜಿ. ಅವನು ಸಾಯ್ತಾನೆ."

"ಗೋಡೆ ತೆಗೆಯೋಕೆ ನಮ್ಮೂರಲ್ಲಿ ಯಾರಿಗೂ ಬರಲ್ಲ. ಬಾಗಿಲು ಬೇಕಾದ್ರೆ ಇಡಬಹುದು. ಹಾಕಿದವನು ನೀನು, ನೀನೇ ಇಡು. ನಿನ್ನ ಗಂಟಲಿಗೆ ಅದೇನು ದೊಡ್ಡದು?" ಅಜ್ಜಿ ಗೋಣಿಯೊಳಗಿಂದ ನನ್ನ ಕಡೆ ತಿರುಗಿದಳು. "ಆದ್ರೆ ತಿಳ್ಕೋ. ನಾಲ್ಕು ಜನರೆದುರು ಮೊದಲು ಯಾವ ಬಾಗಿಲು ತೆಗೀತೀಯೋ ಅದೇ ನಿನ್ನ ಬಾಗಿಲು, ಸಾಯೋ ತನಕ. ಎರಡನೇದು ಸಿಗಲ್ಲ. ನಾಳೆ ಬೆಳಿಗ್ಗೆ ಹೆಬ್ಬಾಗಿಲು ನಿಂಗೇ ಅಂದ್ಕೊಂಡಿದ್ದೆ. ಅವನಂತೂ ಒಳಗಿದಾನೆ."

ನಾನು ವಾಪಸ್ ಕಕ್ಕಸಿಗೆ ಬಂದೆ. ಅಲ್ಲಿ ಮಳೆ ಸೋರುವುದಿಲ್ಲ. ಅವ್ವ ಮೂಲೆಯಲ್ಲಿ ಕೂತು ತನ್ನ ಒಳ್ಳೆಯ ಸೀರೆ ಮಡಿಸಿಡುತ್ತಿದ್ದಳು, ನಾಳೆಗೆ. ಕೈ ಜೋಡಿಸಿ ಒಂದು ಸಲ ನನಗೆ ಮುಗಿದು ತೋರಿಸಿದಳು. "ಹೀಗೆ ತಾನೇ?" ಅಂದಳು.

ಅವನು ಇನ್ನೊಂದು ದಿನ ತಡೆದುಕೊಳ್ಳಲಿ ಅಂದುಕೊಂಡೆ. ಒಂದೇ ದಿನ. ಬಾಗಿಲು ಕೈಗೆ ಬರಲಿ, ಆಮೇಲೆ ಏನಾದರೂ ಮಾಡೋಣ.

ಒಂಬತ್ತನೇ ಬೆಳಿಗ್ಗೆ ಊರು ಗುಡ್ಡ ಹತ್ತಿತು. ಅಜ್ಜಿ ಕಡೆಯ ಸಲ ಅಂಗೈ ಚಾಚಿದಳು. ತಳ್ಳಿದಳು. ಫುಸ್ಸ್. ಊರು ಒಳಗೆ ಬಂತು. ಮತ್ತೆ ಎಳೆದು ಮುಚ್ಚಿದಳು. ಹೊಸಬ ಮೊದಲ ಸಲ ತೆಗೆದಾಗ ಊರೆಲ್ಲ ಒಮ್ಮೆ ಹೊರಗೆ ಹಾದು ಒಳಗೆ ಬರಬೇಕು, ಅದೂ ಕಟ್ಟಳೆ. ಎರಡು ಕಲ್ಲುಗಳ ನಡುವಿಂದ ಪಕ್ಕಕ್ಕೆ ಸರಿದು, "ಬಾ," ಅಂದಳು ನನಗೆ. "ತೆಗಿ."

ನಾನು ಹೋಗಿ ನಿಂತೆ. ಎಲ್ಲರೂ ಕೈ ಜೋಡಿಸಿಕೊಂಡು ಸಿದ್ಧವಾಗಿ ನಿಂತಿದ್ದರು. ಒಬ್ಬರ ಕೈಯೂ ಮೂಗಿನ ಮೇಲೆ ಇರಲಿಲ್ಲ. ಅವ್ವ ಒಳ್ಳೆಯ ಸೀರೆಯಲ್ಲಿ ಮುಂದೆಯೇ ಇದ್ದಳು. ಅವಳ ಪಕ್ಕದಲ್ಲಿ ಅಡುಗೆಮನೆಯಾಕೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ನಾನು ಅಂಗೈ ಚಾಚಿದೆ. ಗಂಟಲಿನ ತಳದಲ್ಲಿ ಆ ಸದ್ದು ಬಂದು ಕೂತಿತು, ಎಲ್ಲಕ್ಕಿಂತ ಚೆನ್ನಾಗಿರುವುದು, ಅವ್ವನಿಗೂ ಕೇಳಿಸದೆ ಇಟ್ಟುಕೊಂಡಿದ್ದು.

ಊರಿನ ತಲೆಗಳ ಮೇಲಿಂದ ಕಣ್ಣು ಹಾಯಿಸಿದೆ. ನನಗೂ ಅವನಿಗೂ ನಡುವೆ ಏಳು ಗೋಡೆ. ಏಳರಾಚೆ ಅವನು ಸ್ಪಷ್ಟವಾಗಿ ಕಾಣುತ್ತಿದ್ದ. ಬೆನ್ನು ನೆಟ್ಟಗಿರಲಿಲ್ಲ. ಹುಲ್ಲಿನ ಮೇಲೆ ಒಂದು ಮಗ್ಗುಲಿಗೆ ಬಿದ್ದಿದ್ದ. ಕುರಿಯೊಂದು ಅವನ ಕೂದಲನ್ನು ಮೇಯಲು ನೋಡುತ್ತಿತ್ತು. ಅವನು ಓಡಿಸಲಿಲ್ಲ.

"ತೆಗಿಯೋ," ಅಂದಳು ಅಜ್ಜಿ.

ನಾನು ಬಾಯಿ ಮುಚ್ಚಿಕೊಂಡು ಓಡಿದೆ. ಬಾಯಿ ಬಿಟ್ಟರೆ ಸದ್ದು ಚೆಲ್ಲಿಹೋಗುತ್ತದೆ ಅಂತ ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದು ಓಡಿದೆ. ಆ ಹೊತ್ತಿನಲ್ಲೂ ಹಾಳಾದ ಕಾಲು ಗೋಡೆ ಬಂದಲ್ಲಿ ತಿರುಗಿತು, ಹೊಸ್ತಿಲು ಬಂದಲ್ಲಿ ಎತ್ತಿತು. ಊರೆಲ್ಲ ಹಿಂದೆ ಓಡಿ ಬಂತು, ತಿರುಗುವಲ್ಲಿ ತಿರುಗಿ, ಎತ್ತುವಲ್ಲಿ ಎತ್ತಿ. ದರ್ಬಾರಿನ ಮೂಡಣದ ಗೋಡೆಯ ಮುಂದೆ ನಿಂತೆ. ನನ್ನದೇ ಗೋಡೆ. ಅಂಗೈ ಇಟ್ಟೆ. ನಿಜ ಹೇಳುತ್ತೇನೆ, ತಣ್ಣಗಿತ್ತು.

ತಳ್ಳಿದೆ.

ಕಿರ್ರ್ರ್ರ್ರ್ರ್ರ್.

ನೂರು ಮಳೆಗೆ ಉಬ್ಬಿ ನೂರು ಬಿಸಿಲಿಗೆ ಒಣಗಿದ ಬಾಗಿಲು, ಕಬ್ಬಿಣದ ತಿರುಗುಣಿ, ಆನೆ ನೂಕಬೇಕಾದ ಭಾರ, ಎಲ್ಲ ಆ ಸದ್ದಿನಲ್ಲಿ ಇತ್ತು. ಕುರಿಗಳು ಬೆಚ್ಚಿ ಓಡಿದವು. ಮುಂದೆ ನಿಂತವರು, ಬಾಗಿಲು ತಾಗೀತು ಅಂತ ಎರಡು ಹೆಜ್ಜೆ ಹಿಂದೆ ಸರಿದರು.

"ಬಾಗಿಲು!" ಅಂತ ಕೂಗಿದ ಮೆಟ್ಟಿಲಿನ ಮಾವ. "ಬಾಗಿಲು ಬಂತ್ರೋ!"

ದರ್ಬಾರಿನವನ ತಾಯಿ ನೀರಿನ ಚೊಂಬು ಹಿಡಿದು ಒಳಗೆ ನುಗ್ಗಿದಳು. ಅವನ ತಲೆ ಎತ್ತಿ ಕುಡಿಸಿದಳು. ಅವನು ಕುಡಿದ, ಕೆಮ್ಮಿದ, ಮತ್ತೆ ಕುಡಿದ. ಇಬ್ಬರು ಹಿಡಿದು ಎಬ್ಬಿಸಿದರು. ಬಾಗಿಲ ಹತ್ತಿರ ಬಂದಾಗ ಹಿಡಿದವರನ್ನು ಬಿಡಿಸಿಕೊಂಡ. ತಾನೇ ನಿಂತ. ಎರಡೂ ಕೈ ಜೋಡಿಸಿ ನನಗೆ ಮುಗಿದ. ಹೊಸ್ತಿಲು ದಾಟಿದ.

ಅವ್ವ ಅಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಅಡುಗೆಮನೆಯಾಕೆ ಇರಲಿಲ್ಲ. ಎರಡು ಹೆಜ್ಜೆ ಆಚೆ ಸರಿದಿದ್ದಳು.

ನಾನು ಅಜ್ಜಿಯ ಕಡೆ ನೋಡಿದೆ, ಏನೋ ಒಂದು ಆಸೆಯಿಂದ.

"ನೀನು ನಿನ್ನ ಬಾಗಿಲು ತೆಗೆದಾಯ್ತಲ್ಲ," ಅಂದಳು ಅಜ್ಜಿ. ಆಮೇಲೆ ಅವನ ಕೈ ಹಿಡಿದು ನಿಧಾನಕ್ಕೆ ಹೆಬ್ಬಾಗಿಲಿಗೆ ನಡೆಸಿಕೊಂಡು ಹೋದಳು. "ನಿಂಗೆ ಕೊಡದೆ ಇನ್ಯಾರಿಗೆ ಕೊಡಲಿ? ತೆಗಿಯಪ್ಪ."

ನನಗೆ ಒಳಗೊಳಗೇ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ. ಶಿಳ್ಳೆ ಹೊಡೆಯಲು ಬಾರದವನು, ಗಂಟಲು ಒಣಗಿದವನು, ಈಗ ಕಪ್ಪೆಯ ಹಾಗೆ ವಟಗುಟ್ಟುತ್ತಾನೆ, ಊರೆಲ್ಲ ಬಿದ್ದು ಬಿದ್ದು ನಗುತ್ತದೆ, ಮೊದಲ ನಗು ನನ್ನದಾಗಿರಬೇಕು ಅಂತ ಬಾಯಿ ಅಗಲಿಸಿಕೊಂಡು ಕಾದೆ.

ಅವನು ಅಂಗೈ ಚಾಚಿದ. ಗಾಳಿಯನ್ನು ತಳ್ಳಿದ. ಒಂದು ಸದ್ದೂ ಮಾಡಲಿಲ್ಲ.

ಊರು ಕತ್ತು ಚಾಚಿ ಬಾಗಿಲನ್ನು ನೋಡಿತು.

"ಎಣ್ಣೆ ಹಾಕಿದಾನೆ ಕಣ್ರೋ," ಅಂದ ಮೆಟ್ಟಿಲಿನ ಮಾವ, ಪಿಸುಮಾತಿನಲ್ಲಿ. "ಎಂಥಾ ಬಾಗಿಲು! ಎಷ್ಟು ಹಗುರ!" ಅಂದಳು ಅಡುಗೆಮನೆಯಾಕೆ. "ಇಷ್ಟು ಕಾಲ ಆ ಕರ್ಕಶ ಹೇಗೆ ತಡ್ಕೊಂಡಿದ್ವೋ!" ಒಬ್ಬೊಬ್ಬರಾಗಿ ಕೈ ಮುಗಿದು ಹಾದರು. ನನ್ನ ಅವ್ವನೂ ಮುಗಿದಳು. ಕಟ್ಟಳೆ.

ಈಗ ದಿನಾ ಬೆಳಿಗ್ಗೆ ಅವನು ಹೆಬ್ಬಾಗಿಲನ್ನು ಸದ್ದಿಲ್ಲದೆ ತೆಗೆಯುತ್ತಾನೆ. ಊರು ಒಳಗೆ ಬರುತ್ತದೆ. ಆಮೇಲೆ ಅವನು ದರ್ಬಾರಿಗೆ ಬರುತ್ತಾನೆ, ನಾನು ಕಿರ್ರ್ರ್ ಅಂತ ತೆಗೆಯುತ್ತೇನೆ. ಸಂಜೆ ಮತ್ತೆ ತೆಗೆಯುತ್ತೇನೆ, ಅವನು ಹೊರಗೆ ಹೋಗುತ್ತಾನೆ. ದೂರು ತರುವವರೆಲ್ಲ ಈಗ ಅವನನ್ನು ಹೆಬ್ಬಾಗಿಲಲ್ಲೇ ಹಿಡಿಯುತ್ತಾರೆ. ಹಾಗಾಗಿ ನನ್ನ ಬಾಗಿಲಿನಿಂದ ಹಾಯುವವನು ಇಡೀ ಊರಿನಲ್ಲಿ ಒಬ್ಬನೇ. "ಸ್ವಲ್ಪ ಎಣ್ಣೆ ಹಾಕಬಾರದೇನೋ ನಿನ್ನ ಬಾಗಿಲಿಗೆ," ಅಂತ ಮೆಟ್ಟಿಲಿನ ಮಾವ ದೂರದಿಂದ ಕೂಗುತ್ತಾನೆ.

ನಾನು ಇನ್ನೊಂದು ಕೆಲಸ ಶುರು ಮಾಡಿದ್ದೇನೆ. ಬಾಗಿಲಿನ ಮೇಲಿನ ಅಡ್ಡಪಟ್ಟಿಯನ್ನು ದಿನಕ್ಕೆ ಒಂದು ಬೆರಳಿನಷ್ಟು ಕೆಳಗೆ ಇಳಿಸುತ್ತಿದ್ದೇನೆ. ಅವನು ಬಂದಾಗ ಕೈ ಅಡ್ಡ ಹಿಡಿದು, "ತಲೆ ಜೋಪಾನ, ಇವತ್ತು ಇಲ್ಲಿವರೆಗೆ," ಅನ್ನುತ್ತೇನೆ. ಯಾಕೆ ಅಂತ ಅವನು ಒಂದು ದಿನವೂ ಕೇಳಿಲ್ಲ. ಮೊದಲು ಕತ್ತು ಬಗ್ಗಿಸಿದ, ಆಮೇಲೆ ಭುಜ, ಈಗ ಸೊಂಟದವರೆಗೆ ಬಂದಿದೆ. ಬೇಸಿಗೆಯ ಹೊತ್ತಿಗೆ ತೆವಳಬೇಕಾಗುತ್ತದೆ. ಹಾಳಾದವನು, ನಗುನಗುತ್ತಲೇ ಬಗ್ಗುತ್ತಾನೆ. ಬಗ್ಗಿದಷ್ಟೂ ಚೆನ್ನಾಗಿ ಕಾಣುತ್ತಾನೆ.